ಕಿರುಬೆರಳು ತೂರುವಷ್ಟು

ಆರು ಮರಿ ತಂದಿದ್ದೆ, ಉಗುರಿನಷ್ಟು.
ಜೋಡಿಯನ್ನು ಕೊಳ್ಳಲು ಬರುವುದಿಲ್ಲ, ಅದು ತಾನೇ ಆಗಬೇಕು
ಅಂದಿದ್ದ ಮನಾಮದ ಮೀನಂಗಡಿಯ ಹಾಜಿ ಶಂಬೇ
ಪ್ಲಾಸ್ಟಿಕ್ ಚೀಲಕ್ಕೆ ಗಾಳಿ ತುಂಬುತ್ತ.

ಮುಹರ್ರಕ್‌ನ ಗಲ್ಲಿಯಲ್ಲಿ ನಾಲ್ಕು ಮಂಚದ ಕೋಣೆ.
ಐದನೇ ಮಂಚದ ಜಾಗದಲ್ಲಿ ಆರಡಿ ಗಾಜಿನ ತೊಟ್ಟಿ.
ಅದರ ಬಾಡಿಗೆ ಪಾಲೂ ನನ್ನದೇ,
ನೂಕರಾಜು ಲೆಕ್ಕದಲ್ಲಿ ಬಿಗಿ.

ಒಂದೂವರೆ ವರ್ಷಕ್ಕೆ ಆರರಲ್ಲಿ ಎರಡು ಸೇರಿ
ಉಳಿದ ನಾಲ್ಕನ್ನು ಫಿಲ್ಟರಿನ ಕೊಳವೆ ಹಿಂದೆ
ಒತ್ತರಿಸಿ ನಿಲ್ಲಿಸಿದ ದಿನ
ಶಫಿಉಲ್ ಅಂದ, ಇವರದ್ದು ಮದುವೆ ಆಯಿತು.
ನಾಲ್ಕನ್ನು ಹಿಂದಿರುಗಿಸಿದೆ. ಹಾಜಿ
ಹಣ ಕೊಡಲಿಲ್ಲ, ಒಂದು ಡಬ್ಬಿ ಕಾಳು ಕೊಟ್ಟ.

ಗಂಡು ಹನ್ನೆರಡು ಇಂಚು, ಹಣೆಯ ಮೇಲೆ ಬೋರೆ.
ಹೆಣ್ಣು ಎಂಟು.
ಇಬ್ಬರೂ ಇಶಾಡು ಹಣ್ಣನ್ನು ಕೊಯ್ದಾಗ ಕಾಣುವ ಬಣ್ಣ.
ಬಾಯಿಗೆ ಬಾಯಿ ಕಚ್ಚಿ ತಿರುಚಿದವು,
ಮುತ್ತಲ್ಲ ಅದು, ಪಂಜಾ ಕುಸ್ತಿ.
ಹೆಂಚಿನ ಚೂರನ್ನು ಎರಡು ದಿನ ತಿಕ್ಕಿದವು
ಆಯಿ ದೋಸೆ ಕಾವಲಿ ತಿಕ್ಕಿದ ಹಾಗೆ.
ಮೂರನೇ ರಾತ್ರಿ ಪಾಳಿ ಮುಗಿಸಿ ಬಂದರೆ
ಹೆಣ್ಣು ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು,
ಬಾಲ ಚಿಂದಿ, ಒಂದು ಕಣ್ಣಿಗೆ ಹಾಲಿನ ಪೊರೆ.

ಅವಳಿಗೆ ಮೊಟ್ಟೆ ಮಾಗಿರಲಿಲ್ಲ, ಅವನಿಗೆ ತಡೆದಿರಲಿಲ್ಲ,
ಬಸ್, ಅಂದ ಹಾಜಿ.
ಅವನ ಭಾಷೆಯಲ್ಲೂ ಅರಬಿಯಲ್ಲೂ ನಮ್ಮ ಹಿಂದಿಯಲ್ಲೂ
ಆ ಮಾತು ಒಂದೇ. ನನಗೆ ಅದು ಸಾಲಲಿಲ್ಲ.

ಎ.ಸಿ. ಕೆಲಸದವ ನಾನು.
ಬ್ಯಾಂಕೊಂದರ ಸೀಲಿಂಗಿನಿಂದ ಬಿಚ್ಚಿದ,
ಕಸಕ್ಕೆ ಹೋಗಬೇಕಿದ್ದ ಚೌಕುಳಿ ಜಾಲರಿಯನ್ನು
ತೊಳೆದು, ಅಳೆದು, ಗರಗಸದಲ್ಲಿ ಕೊಯ್ದು
ತೊಟ್ಟಿಯ ನಡುವೆ ಇಳಿಸಿದೆ.
ಕಿರುಬೆರಳು ತೂರುವಷ್ಟು ಕಂಡಿ.
ನೀರು ದಾಟುತ್ತದೆ, ನೋಟ ದಾಟುತ್ತದೆ,
ಗಂಡು ಬಿಡುವ ಬೀಜವೂ.
ಹಲ್ಲು ದಾಟುವುದಿಲ್ಲ.

ಜುಲೈ. ಮಾಳಿಗೆಯ ಟ್ಯಾಂಕಿನ ನೀರಿಗೆ ಚಹಾಪುಡಿ ಹಾಕಿದರೆ ಸಾಕು.
ಹಿಂದಿನ ರಾತ್ರಿಯೇ ಬಕೆಟ್ಟುಗಳಲ್ಲಿ ಹಿಡಿದು
ಎ.ಸಿ.ಯ ಎದುರು ಸಾಲಾಗಿ ಇಡುತ್ತಿದ್ದೆ.
ಪೇಚಿಮುತ್ತು ಕತ್ತಲಲ್ಲಿ ಎಡವಿದ;
ಬೈದದ್ದು ಬಕೆಟ್ಟಿಗೋ ನನಗೋ,
ತಮಿಳು ಅಷ್ಟು ಬರುವುದಿಲ್ಲ.

ಅಘನಾಶಿನಿಯ ಕಾಗಳಸಿಯೂ ಇದೇ ಕುಲದ್ದಂತೆ.
ಮರಿ ಕಾಯುವ ಕಾಗಳಸಿಗೆ ಬಲೆ ಬೀಸಬಾರದು
ಅನ್ನುತ್ತಿದ್ದ ಅಪ್ಪ, ದೋಣಿಯ ಮೂತಿಯಲ್ಲಿ ನಿಂತು.
ಬೀಸುತ್ತಲೂ ಇದ್ದ.
ಆ ಸಾರನ್ನು ನಾನೂ ಸುರಿದು ಉಂಡಿದ್ದೇನೆ.

ಇಪ್ಪತ್ತಮೂರು ದಿನ. ಬಾಲ ಚಿಗುರಿತು.
ಕಣ್ಣಿನ ಪೊರೆ ಪೂರ್ತಿ ಹೋಗಲಿಲ್ಲ.
ಹೆಣ್ಣು ತಾನೇ ಜಾಲರಿಗೆ ತಾಗಿ ಹೆಂಚು ತಿಕ್ಕಿ
ಸಾಲು ಸಾಲು ಮೊಟ್ಟೆ ಅಂಟಿಸಿತು.
ಆಚೆಯಿಂದ ಗಂಡು ಮೈ ಒರಸಿಕೊಂಡು ನಡುಗಿತು.
ಹತ್ತಿರದ ಸಾಲು ಜೇನಿನ ಬಣ್ಣ,
ದೂರದ್ದು ಮರುದಿನವೇ ಬಿಳಿ.
ಬಿಳಿಯದನ್ನು ಅವಳೇ ಹೆಕ್ಕಿ ತೆಗೆದಳು.
ರೆಕ್ಕೆಯ ಗಾಳಿ ಒಂದು ಗಳಿಗೆ ನಿಲ್ಲಿಸಲಿಲ್ಲ.

ಈಗ ಗಂಡಿಗೆ ನೂಕರಾಜುವಿನ ಕೆಂಪು ಅಂಗಿ ಕಂಡರಾಗದು,
ಗಾಜಿಗೆ ಹಣೆ ಗುದ್ದುತ್ತದೆ.
ನೂಕರಾಜು ಗೊಣಗುತ್ತ ಬಾಗಿಲಾಚೆಯೇ
ಅಂಗಿ ಬಿಚ್ಚಿ ಒಳಗೆ ಬರುತ್ತಾನೆ.

ಜಾಲರಿ ತೆಗೆಯಬೇಕೆ? ಕೋಣೆಯಲ್ಲಿ ಎರಡು ಪಕ್ಷ.
ತೆಗೆ, ತಂದೆಯಲ್ಲವೆ, ಅಂದ ಶಫಿಉಲ್.
ಆ ಕಣ್ಣು ನೋಡು ಮೊದಲು, ಅಂದ ಪೇಚಿಮುತ್ತು.
ನಾನು ಸುಮ್ಮನಿದ್ದೆ.
ನಮ್ಮ ತೀರ್ಮಾನಕ್ಕೆ ಮರಿಗಳು ಕಾಯಲಿಲ್ಲ.
ಈಜಲು ಕಲಿತ ರಾತ್ರಿ
ಸಾಸಿವೆ ಚೆಲ್ಲಿದಂತೆ ಚದುರಿ,
ಒಂದೆರಡು, ಆಮೇಲೆ ಹತ್ತು,
ಕಂಡಿ ದಾಟಿ ಗಂಡಿನ ಪಾಲಿಗೆ ಬಂದವು.

ನಾಲ್ಕು ಜನ ಬರಿಮೈಯಲ್ಲಿ, ಗಾಜಿಗೆ ಮೂಗು ಒತ್ತಿ.
ಅದು ಬಾಯಿ ತೆರೆಯಿತು. ಒಂದು ಮರಿ ಒಳಗೆ ಹೋಯಿತು.
ದವಡೆ ಮುಚ್ಚಿತು.
ನನ್ನ ಕೈ ನೀರೊಳಗೆ ಮೊಣಕೈವರೆಗೆ ಇಳಿದಿತ್ತು,
ಯಾವಾಗ ಇಳಿಸಿದೆನೋ.

ಅದು ಜಾಲರಿಗೆ ಮುಖ ಮಾಡಿ
ಉಗಿಯಿತು, ಮೆಲ್ಲಗೆ,
ಕಂಡಿಯ ಆಚೆಗೆ.

ಲೈಟು ಆರಿಸು ಮಾರಾಯ, ಅಂದ ನೂಕರಾಜು,
ಐದಕ್ಕೆ ವ್ಯಾನು ಬರುತ್ತದೆ.